ಬಾಗ್‌ನಿಂದ ಕೈತೋಟಕ್ಕೆ: ಬೀದರ ಜಿಲ್ಲೆಯಲ್ಲಿ ತೋಟ ಮತ್ತು ಕೈಕೆಲಸದ ಕಲಿಕೆಯ ಇತಿಹಾಸ

ಬೀದರ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೋಟೆ, ಮಹಮೂದ್ ಗವಾನರ ಮದರಸಾ, ಅಷ್ಟೂರಿನ ಗುಮ್ಮಟಗಳು ಮತ್ತು ಬಿದರಿ ಕಲೆ. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ನಾವು ತೋರಿಸುವುದೂ ಇವುಗಳನ್ನೇ. ಆದರೆ ಈ ಕಟ್ಟಡಗಳ ಸುತ್ತ ಒಂದು ಕಾಲಕ್ಕೆ ಹಸಿರು ತೋಟಗಳಿದ್ದವು, ಆ ತೋಟಗಳಿಗೆ ನೀರು ತರಲು ನೆಲದೊಳಗೆ ಸುರಂಗಗಳಿದ್ದವು, ಅವುಗಳನ್ನು ನೋಡಿಕೊಳ್ಳಲು ತಲೆಮಾರುಗಳಿಂದ ಕೆಲಸ ಕಲಿತ ಕುಟುಂಬಗಳಿದ್ದವು ಎಂಬುದನ್ನು ನಾವು ಹೇಳುವುದು ಕಡಿಮೆ. ಅರಮನೆಯ ಇತಿಹಾಸ ಪುಸ್ತಕಗಳಲ್ಲಿ ಸಿಗುತ್ತದೆ. ಮಣ್ಣು ಅಗೆದವರ, ಬೀಜ ಉಳಿಸಿದವರ ಇತಿಹಾಸ ಅಲ್ಲೊಂದು ಸಾಲು ಇಲ್ಲೊಂದು ಸಾಲು ಮಾತ್ರ.

ಈ ಲೇಖನದ ಉದ್ದೇಶ ಆ ಸಾಲುಗಳನ್ನು ಒಂದೆಡೆ ಸೇರಿಸುವುದು. ಹಾಗೆ ಸೇರಿಸಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ತೋಟ ಬೆಳೆದಾಗಲೆಲ್ಲ ಅದರ ಹಿಂದೆ ಎರಡು ಸಂಗತಿಗಳಿದ್ದವು: ಹಂಚಿಕೊಂಡ ನೀರು ಮತ್ತು ಒಬ್ಬರು ಇನ್ನೊಬ್ಬರಿಗೆ ಕಲಿಸಿದ ಕೆಲಸ. ಇವೆರಡರಲ್ಲಿ ಒಂದು ನಿಂತಾಗ ತೋಟವೂ ಒಣಗಿದೆ.

ಕೆಂಪು ಕಲ್ಲಿನ ಕೆಳಗಿನ ನೀರು

ಬೀದರ ನಗರ ಇರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಈ ಕೆಂಪು ಕಲ್ಲು ರಂಧ್ರಗಳಿಂದ ಕೂಡಿದ್ದು, ಮಳೆಯ ನೀರನ್ನು ಬೇಗನೆ ಕೆಳಗೆ ಇಳಿಸುತ್ತದೆ. ಅದರ ಅಡಿಯಲ್ಲಿ ಗಟ್ಟಿಯಾದ ಕಪ್ಪು ಕಲ್ಲಿನ ಪದರವಿದೆ. ಇಳಿದ ನೀರು ಅಲ್ಲಿ ತಡೆದು ನಿಲ್ಲುತ್ತದೆ, ಬಯಲಿನ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ ಝೀರಾ ಮತ್ತು ನರಸಿಂಹ ಝರಣಿಯ ನೀರಿಗೆ ಈ ಭೂಮಿಯ ರಚನೆಯೇ ಕಾರಣ. ಇದಕ್ಕೆ ವಿರುದ್ಧವಾಗಿ ಭಾಲ್ಕಿ ಮತ್ತು ಔರಾದ ಕಡೆ ಹೆಚ್ಚಾಗಿ ಕಾಣುವುದು ಕಪ್ಪು ಎರೆಮಣ್ಣು. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಮಣ್ಣು, ಎರಡು ಬಗೆಯ ಬೇಸಾಯ.

ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ (ಆಳ್ವಿಕೆ 1422–1436) ಗುಲಬರ್ಗಾದಿಂದ ರಾಜಧಾನಿಯನ್ನು ಬೀದರಕ್ಕೆ ತಂದಾಗ ಈ ಎತ್ತರದ ಊರಿಗೆ ನೀರು ಒದಗಿಸುವುದು ದೊಡ್ಡ ಪ್ರಶ್ನೆಯಾಗಿತ್ತು. ಅದಕ್ಕೆ ದೊರೆತ ಉತ್ತರವೇ ‘ಕರೇಜ್’. ಇರಾನಿನಲ್ಲಿ ‘ಕನಾತ್’ ಎಂದು ಹೆಸರಾದ ಈ ವಿಧಾನವನ್ನು ನಮ್ಮಲ್ಲಿ ಸುರಂಗ ಬಾವಿ ಎಂದೂ ಕರೆಯುತ್ತಾರೆ. ಮೊದಲು ನೀರಿನ ಸೆಲೆ ಇರುವ ಕಡೆ ಆಳವಾದ ತಾಯಿ ಬಾವಿಯನ್ನು ತೋಡುತ್ತಾರೆ. ಅಲ್ಲಿಂದ ತುಸು ಇಳಿಜಾರಾಗಿ ಸುರಂಗ ಕೊರೆಯುತ್ತಾರೆ. ನಡುನಡುವೆ ಮೇಲಿನಿಂದ ಬಾವಿಯಂಥ ಕಿಂಡಿಗಳಿರುತ್ತವೆ. ಗಾಳಿ ಬೆಳಕು ಒಳಬರಲು, ಹೂಳು ಮೇಲೆತ್ತಲು, ನೀರು ಸೇದಲು ಇವು ಬೇಕು. ನೀರು ಯಾವ ಯಂತ್ರದ ಸಹಾಯವೂ ಇಲ್ಲದೆ ತನ್ನಷ್ಟಕ್ಕೆ ಹರಿದು ಬರುತ್ತದೆ. ನೌಬಾದದ ಕರೇಜ್ ಸುಮಾರು 3 ಕಿಲೋಮೀಟರ್ ಉದ್ದವಿದೆ. ಶುಕ್ಲತೀರ್ಥ ಮತ್ತು ಜಮುನಾ ಮೋರಿ ಎಂಬ ಇನ್ನೆರಡು ವ್ಯವಸ್ಥೆಗಳೂ ಬೀದರದಲ್ಲಿವೆ.

ಕರೇಜಿನ ವಿಶೇಷವೆಂದರೆ ಅದು ಒಬ್ಬರ ಸ್ವತ್ತಾಗಿ ಉಳಿಯುವಂಥದ್ದಲ್ಲ. ಮೇಲಿನವರು ಕಿಂಡಿಯಲ್ಲಿ ಕಸ ಹಾಕಿದರೆ ಕೆಳಗಿನವರ ನೀರು ಕೆಡುತ್ತದೆ. ಹೂಳೆತ್ತುವ ಕೆಲಸ ನಿಂತರೆ ಎಲ್ಲರ ನೀರೂ ನಿಲ್ಲುತ್ತದೆ. ಮುಂದೆ ಆದದ್ದೂ ಅದೇ. ನಲ್ಲಿ ಮತ್ತು ಕೊಳವೆ ಬಾವಿಗಳು ಬಂದ ಮೇಲೆ ಕಿಂಡಿಗಳು ಕಸದ ಗುಂಡಿಗಳಾದವು, ಎಷ್ಟೋ ಕಿಂಡಿಗಳು ಮುಚ್ಚಿಯೇ ಹೋದವು. ಕೇರಳದ ಭೂಗೋಳ ಅಧ್ಯಾಪಕ ಡಾ. ವಿ. ಗೋವಿಂದನ್‌ಕುಟ್ಟಿ ಅವರು ಈ ಸುರಂಗಗಳ ನಕ್ಷೆ ತಯಾರಿಸಿದ ನಂತರ, 2014–15ರ ಹೊತ್ತಿಗೆ ಜಿಲ್ಲಾಡಳಿತವು ನೌಬಾದದ ಕರೇಜನ್ನು ಶುಚಿಗೊಳಿಸುವ ಕೆಲಸ ಆರಂಭಿಸಿತು. ಹೂಳು ತೆಗೆದಾಗ ಒಳಗೆ ಶತಮಾನಗಳ ಹಿಂದಿನ ಸುರಂಗದಲ್ಲಿ ನೀರು ಇನ್ನೂ ಇತ್ತು.

ಬಾಗ್ ಮತ್ತು ಬಾಗವಾನ

ನೀರು ಬಂದ ಮೇಲೆ ತೋಟ ಬಂತು. ಬೀದರ ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಎದುರಿಗೆ ಇರುವ ಲಾಲ್ ಬಾಗ್ ಇಂದಿಗೂ ನೋಡಲು ಸಿಗುತ್ತದೆ. 1577ರ ಸುಮಾರಿಗೆ ಕಟ್ಟಲಾದ ಅಲಿ ಬರೀದ್ ಶಾಹನ ಗೋರಿಯನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿದ ತೋಟದ ಮಧ್ಯದಲ್ಲಿ ನಿಲ್ಲಿಸಿದ್ದರು. ಮೊಗಲರ ಕಾಲದಲ್ಲಿ ಫರಾಹ್ ಬಾಗ್ ಬಂತು. ಅಲ್ಲಿಯ ಮಸೀದಿ 1671ರದ್ದು. ಇವೆಲ್ಲ ಅರಸರ ಮತ್ತು ಅಧಿಕಾರಿಗಳ ತೋಟಗಳು. ಆದರೆ ಗಿಡಕ್ಕೆ ನೀರು ಹಾಯಿಸಿದವರು, ಕಸಿ ಕಟ್ಟಿದವರು, ಹಣ್ಣು ಕೊಯ್ದು ಪೇಟೆಗೆ ತಂದವರು ಬೇರೆ. ಅವರೇ ಬಾಗವಾನರು.

‘ಬಾಗ್’ ಎಂದರೆ ಫಾರಸಿಯಲ್ಲಿ ತೋಟ, ‘ಬಾನ್’ ಎಂದರೆ ಕಾಯುವವನು. ‘ಬಾಗ್‌ಬಾನ್’ ಎಂಬ ಈ ಮಾತು ಉತ್ತರ ಕರ್ನಾಟಕದ ಬಾಯಲ್ಲಿ ‘ಬಾಗವಾನ’ ಆಗಿ ಒಂದು ಸಮುದಾಯದ ಹೆಸರಾಯಿತು. ಇಂದಿಗೂ ನಮ್ಮ ಕಡೆಯ ಹಣ್ಣು, ಕಾಯಿಪಲ್ಲೆಯ ವ್ಯಾಪಾರದಲ್ಲಿ ಬಾಗವಾನ ಕುಟುಂಬಗಳನ್ನು ಕಾಣುತ್ತೇವೆ. ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು ಇದು: ಅಡ್ಡಹೆಸರು ಕೂಡ ಒಂದು ಇತಿಹಾಸದ ದಾಖಲೆ.

ಬಾಗವಾನರ ಮತ್ತು ಮಾಳಿಗರ ಜಾಣ್ಮೆಯನ್ನು ತಿಳಿಯಲು ಒಂದು ಉದಾಹರಣೆ ಸಾಕು. ಬಹಮನಿ ಕಾಲದ ಬೀದರದ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ ಇರಲಿಲ್ಲ, ಟೊಮೆಟೊ ಇರಲಿಲ್ಲ, ಆಲೂಗಡ್ಡೆ ಇರಲಿಲ್ಲ. ಪೇರಲ ಮತ್ತು ಪಪ್ಪಾಯಿ ಗಿಡಗಳೂ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಜರು ಭಾರತದ ಪಶ್ಚಿಮ ಕರಾವಳಿಗೆ ಬಂದ ನಂತರವೇ ಒಂದೊಂದಾಗಿ ಒಳನಾಡಿಗೆ ತಲುಪಿದವು. ಇಂದು ಮೆಣಸಿನಕಾಯಿ ಇಲ್ಲದ ಅಡುಗೆಯನ್ನು ನಾವು ಊಹಿಸಲಾರೆವು. ಯಾವುದೋ ದೂರದ ಬೀಜವನ್ನು ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಹೊಂದಿಸಿದವರು ಓದುಬರಹ ಬಲ್ಲವರೇ ಆಗಿರಬೇಕಿಲ್ಲ. ಯಾವ ತಿಂಗಳಲ್ಲಿ ಬಿತ್ತಬೇಕು, ಎಷ್ಟು ನೀರು ಕೊಡಬೇಕು ಎಂಬುದನ್ನು ಮಾಡಿ ನೋಡಿ ಕಲಿತರು, ಮಕ್ಕಳಿಗೆ ಕಲಿಸಿದರು.

ಮನೆಯೇ ಪಾಠಶಾಲೆ

ಬಿದರಿ ಕಲೆಯೂ ಉಳಿದದ್ದು ಇದೇ ರೀತಿಯಲ್ಲಿ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ಯುವುದು, ಬೆಳ್ಳಿಯ ತಂತಿ ಕೂಡಿಸುವುದು, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವುದು, ಇವೆಲ್ಲವನ್ನೂ ಉಸ್ತಾದರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಬಿದರಿಗೆ ಪ್ರಶಸ್ತಿ ಬಂತು, ಸಂತೋಷ. ಆದರೆ ಮನೆಯ ಹೆಣ್ಣುಮಕ್ಕಳ ವಿದ್ಯೆಗೆ ಪ್ರಶಸ್ತಿಯೂ ಇಲ್ಲ, ಹೆಸರೂ ಇಲ್ಲ. ಪುಂಡಿಪಲ್ಲೆಯ ಬೀಜವನ್ನು ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿ ಇಡುವುದು, ತೊಗರಿ ಜೋಳದ ಸಾಲುಗಳ ನಡುವೆ ಅಕ್ಕಡಿ ಹಾಕುವುದು, ಹೊಲದಲ್ಲಿ ತಾನಾಗಿ ಹುಟ್ಟಿದ ತಪ್ಪಲುಗಳಲ್ಲಿ ತಿನ್ನುವುದು ಯಾವುದು ಬಿಡುವುದು ಯಾವುದು ಎಂದು ಗುರುತಿಸುವುದು, ಹರಿದ ಬಟ್ಟೆ ಸೇರಿಸಿ ಕೌದಿ ಹೊಲಿಯುವುದು, ಮಳೆಗಾಲಕ್ಕೆ ಮೊದಲೇ ಸಂಡಿಗೆ ಉಪ್ಪಿನಕಾಯಿ ಮಾಡಿಡುವುದು, ಇವೆಲ್ಲ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಪಾಠಗಳು. ಕನ್ನಡದ ಮನೆಯಲ್ಲಿ ಪುಂಡಿಪಲ್ಲೆ, ದಖನಿ ಮನೆಯಲ್ಲಿ ಅಂಬಾಡಾ. ಹೆಸರು ಎರಡು, ಗಿಡ ಒಂದೇ. ಎರಡೂ ಭಾಷೆಗಳನ್ನು ಕಲಿಸುವ ನನಗೆ ಈ ಒಂದು ಗಿಡ ತರಗತಿಯಲ್ಲಿ ಬಹಳ ಸಲ ಉಪಯೋಗಕ್ಕೆ ಬಂದಿದೆ.

ಸಂಸ್ಥಾನದ ಕಾಲ ಮತ್ತು 1948ರ ನಂತರ

ಹೈದರಾಬಾದ್ ಸಂಸ್ಥಾನದಲ್ಲಿ ಸರಕಾರಿ ಶಿಕ್ಷಣದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟು ಹೊಸ ದಾರಿ ತೋರಿಸಿತು. ಅದೇ ಕಾಲದಲ್ಲಿ ಕನ್ನಡ ಶಾಲೆಗಳಿಗೆ ಕಷ್ಟವಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಜಿಲ್ಲೆಯಲ್ಲಿ ಮನೆಮಾತಾಗಿದೆ. ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂಬ ಹಟ ಎರಡೂ ಕಡೆ ಒಂದೇ ಆಗಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕು.

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. ಅದರ ಹಿಂದೆ ಮುಂದೆ ಜನಸಾಮಾನ್ಯರು, ಎಲ್ಲ ಸಮಾಜದವರೂ, ತುಂಬಾ ನೋವುಂಡರು. ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರಿದ್ದ ಸಮಿತಿಯ ವರದಿ ಕಾರ್ಯಾಚರಣೆಯ ನಂತರದ ಹಿಂಸೆಯಲ್ಲಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿದೆ. ದುಡಿಯುವ ಗಂಡಸರನ್ನು ಕಳೆದುಕೊಂಡ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಕೆಲಸವೇ ಆಸರೆ. ಹೊಲಿಗೆ ಬಲ್ಲವಳು, ಎಮ್ಮೆ ಸಾಕುವುದನ್ನು ಬಲ್ಲವಳು, ಹಿತ್ತಲಲ್ಲಿ ನಾಲ್ಕು ಸಾಲು ಪಲ್ಲೆ ಬೆಳೆಯಬಲ್ಲವಳು ಮಕ್ಕಳನ್ನು ಉಪವಾಸ ಬಿಡುವುದಿಲ್ಲ. ಕೈಕೆಲಸದ ಕಲಿಕೆಯನ್ನು ‘ಕಡಿಮೆ ದರ್ಜೆಯ ಶಿಕ್ಷಣ’ ಎಂದು ತಿಳಿಯುವವರು ಈ ಅಧ್ಯಾಯವನ್ನು ಓದಬೇಕು.

ಡಾ. ಜಾಕಿರ್ ಹುಸೇನ್ ತೋರಿದ ದಾರಿ

ಪುಸ್ತಕ ಮತ್ತು ಕೈಕೆಲಸದ ನಡುವಿನ ಗೋಡೆಯನ್ನು ಒಡೆಯಲು ಹೊರಟ ಮಹನೀಯರಲ್ಲಿ ನಮಗೆ ಹತ್ತಿರದವರು ಡಾ. ಜಾಕಿರ್ ಹುಸೇನ್. ಅವರು 1897ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ. 1920ರಲ್ಲಿ ಸ್ಥಾಪನೆಯಾದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಹೊಣೆಯನ್ನು ಜರ್ಮನಿಯಿಂದ ಮರಳಿದ ಮೇಲೆ 1926ರಲ್ಲಿ ಹೊತ್ತು, ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು.

1937ರ ಅಕ್ಟೋಬರ್‌ನಲ್ಲಿ ವರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ ಮೂಲ ಶಿಕ್ಷಣದ ಪಠ್ಯಕ್ರಮ ಸಿದ್ಧಪಡಿಸಲು ಸಮಿತಿ ರಚಿಸಿತು. ಅದರ ಅಧ್ಯಕ್ಷರು ಜಾಕಿರ್ ಹುಸೇನ್. ಏಳು ವರ್ಷಗಳ ಉಚಿತ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಉತ್ಪಾದಕ ಕೈಕೆಲಸವನ್ನು ಕೇಂದ್ರವಾಗಿಟ್ಟುಕೊಂಡ ಕಲಿಕೆ, ಇವು ಆ ಯೋಜನೆಯ ಮುಖ್ಯ ಅಂಶಗಳು. ನೂಲುವುದು, ನೇಯುವುದು, ಬಡಗಿ ಕೆಲಸದ ಜೊತೆಗೆ ಬೇಸಾಯ, ಹಣ್ಣು ತರಕಾರಿ ತೋಟಗಾರಿಕೆಯೂ ಅದರಲ್ಲಿತ್ತು. ಆದರೆ ಎಲ್ಲ ಕೆಲಸವೂ ಶಿಕ್ಷಣವಾಗುವುದಿಲ್ಲ ಎಂಬ ಎಚ್ಚರಿಕೆಯನ್ನೂ ಅವರು ಕೊಡುತ್ತಿದ್ದರು. ಮೊದಲು ಯೋಚಿಸಿ, ಯೋಜನೆ ಹಾಕಿ, ಕೆಲಸ ಮಾಡಿ, ಕೊನೆಗೆ ತಪ್ಪು ಒಪ್ಪು ತೂಗಿ ನೋಡಿದಾಗ ಮಾತ್ರ ಅದು ಮನಸ್ಸನ್ನು ಬೆಳೆಸುತ್ತದೆ ಎಂಬುದು ಅವರ ನಿಲುವು. 1967ರಲ್ಲಿ ರಾಷ್ಟ್ರಪತಿಯಾದ ಈ ಪಂಡಿತರಿಗೆ ಗುಲಾಬಿ ಗಿಡಗಳೆಂದರೆ ಬಲು ಪ್ರೀತಿ. ಚಂಡೀಗಢದ ಪ್ರಸಿದ್ಧ ಗುಲಾಬಿ ತೋಟಕ್ಕೆ ಅವರದೇ ಹೆಸರಿದೆ.

ಯೋಜನೆಗಳು ಬಂದವು, ಹೋದವು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಉದ್ಯಾನಗಳಲ್ಲೂ ಆಟದ ಮೈದಾನಗಳಲ್ಲೂ ಜನ ತರಕಾರಿ ಬೆಳೆದರು. ಭಾರತದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ ನಡೆಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಗ್ರಾಮಸೇವಕರು ಹೊಸ ಬೀಜ, ಗೊಬ್ಬರ ತಂದರೆ, ಗ್ರಾಮಸೇವಿಕೆಯರು ಮಹಿಳಾ ಮಂಡಲಗಳಲ್ಲಿ ಹೊಲಿಗೆ, ಹೊಗೆಯಿಲ್ಲದ ಒಲೆ, ಮಕ್ಕಳ ಆರೈಕೆ, ಕೈತೋಟ ಕಲಿಸಿದರು. 1960ರ ದಶಕದಲ್ಲಿ ಯುನಿಸೆಫ್ ಮತ್ತಿತರ ವಿಶ್ವಸಂಸ್ಥೆಗಳ ನೆರವಿನಿಂದ ‘ಅನ್ವಯಿಕ ಪೌಷ್ಟಿಕ ಕಾರ್ಯಕ್ರಮ’ ಬಂದು ಶಾಲಾ ತೋಟ, ಕೋಳಿ ಸಾಕಣೆ, ಮೀನು ಸಾಕಣೆಗಳಿಗೆ ಉತ್ತೇಜನ ಕೊಟ್ಟಿತು. 1975ರಲ್ಲಿ ದೇಶದ 33 ಕಡೆ ಅಂಗನವಾಡಿ ಯೋಜನೆ ಪ್ರಾರಂಭವಾಯಿತು.

ಬೀದರ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತ್ತು. ದೂರದ ರಾಜಧಾನಿಯಿಂದ ಬಂದ ಯೋಜನೆಗಳು ಗಡಿಯ ಔರಾದ ತಲುಪುವ ಹೊತ್ತಿಗೆ ಬಡವಾಗುತ್ತಿದ್ದವು. ಬೀಜದ ಪೊಟ್ಟಣ ಹಂಚಿದರೆ ಸಾಲದು. ಮಾರ್ಚ್ ತಿಂಗಳಲ್ಲಿ ಆ ಗಿಡಕ್ಕೆ ನೀರು ಎಲ್ಲಿಂದ, ಹುಳು ಬಿದ್ದರೆ ಯಾರನ್ನು ಕೇಳಬೇಕು, ಮುಂದಿನ ವರ್ಷಕ್ಕೆ ಬೀಜ ಹೇಗೆ ಉಳಿಸಬೇಕು ಎಂಬ ಪ್ರಶ್ನೆಗಳಿಗೆ ಊರಿನಲ್ಲೇ ಉತ್ತರ ಹೇಳುವವರು ಬೇಕು.

ಅಂಥವರು ತಯಾರಾಗುವ ಅವಕಾಶ ಸಿಕ್ಕಿದ್ದು ಸ್ವಸಹಾಯ ಗುಂಪುಗಳಿಂದ. 1992ರಲ್ಲಿ ನಬಾರ್ಡ್ ಈ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ನಮ್ಮ ಬೀದರ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕ್ ಮುಂದಿನ ವರ್ಷಗಳಲ್ಲಿ ಹಳ್ಳಿ ಹಳ್ಳಿಯಲ್ಲಿ ಮಹಿಳಾ ಗುಂಪುಗಳನ್ನು ಕಟ್ಟಿ, ಸಾಲದ ಜೊತೆ ತರಬೇತಿಯನ್ನೂ ಕೊಟ್ಟಿತು. ಉಳಿತಾಯದ ಪುಸ್ತಕ ಬರೆಯುವುದು, ಸಭೆಯಲ್ಲಿ ಮಾತನಾಡುವುದು, ಬ್ಯಾಂಕಿಗೆ ತಾನೇ ಹೋಗಿ ಬರುವುದು ಇವು ಶಾಲೆ ಕಾಣದ ಎಷ್ಟೋ ತಾಯಂದಿರಿಗೆ ಮೊದಲ ಪಾಠಗಳಾದವು.

ಬೀದರದ ಗಡಿ ದಾಟಿದರೆ ಸಿಗುವ ಜಹೀರಾಬಾದ್ ಸೀಮೆಯ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿ 1983ರಲ್ಲಿ ಸ್ಥಾಪನೆಯಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಬಡ ದಲಿತ ಮಹಿಳೆಯರು ಸಿರಿಧಾನ್ಯ, ಬೇಳೆಕಾಳುಗಳ ಬೀಜ ಭಂಡಾರ ಕಟ್ಟಿದರು, 2008ರಲ್ಲಿ ತಮ್ಮದೇ ರೇಡಿಯೊ ಕೇಂದ್ರ ನಡೆಸತೊಡಗಿದರು. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನ ಕನ್ನಡಿಗರು, 2023ರಲ್ಲಿ ನಿಧನರಾದರು. ಅಲ್ಲಿಯ ಕೆಂಪು ನೆಲ, ಅಲ್ಲಿಯ ಮಳೆ ನಮ್ಮದಕ್ಕಿಂತ ಬೇರೆಯಲ್ಲ. ಅಲ್ಲಿ ಸಾಧ್ಯವಾದದ್ದು ಇಲ್ಲಿಯೂ ಸಾಧ್ಯ.

ಇಂದು ಇದು ಏಕೆ ಬೇಕು

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ (6ರಿಂದ 59 ತಿಂಗಳು) ಈ ಪ್ರಮಾಣ ಶೇ. 65.5. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಬೀಳುವ ಹುಡುಗಿಯನ್ನು ಕಾಣದ ಶಿಕ್ಷಕರು ಇರಲಾರರು. ಅವಳು ಲೆಕ್ಕದಲ್ಲಿ ಹಿಂದೆ ಬಿದ್ದರೆ ದಡ್ಡಿ ಎನ್ನುವ ಮೊದಲು ಅವಳ ತಟ್ಟೆಯಲ್ಲಿ ಏನಿದೆ ಎಂದು ನೋಡಬೇಕಾಗುತ್ತದೆ.

ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬೀದರವೂ ಒಂದು. 2019ರಲ್ಲಿ ಕೇಂದ್ರ ಸರಕಾರ ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಬೆಳೆಸಲು ಮಾರ್ಗಸೂಚಿ ಹೊರಡಿಸಿತು. ಶಾಲೆಯ ಊಟ ಒಂದು ಹೊತ್ತಿನದು. ಉಳಿದ ಹೊತ್ತು ಮನೆಯ ಊಟ. ಆದ್ದರಿಂದ ಪಾಠ ಮನೆಯವರೆಗೆ ಹೋಗಬೇಕು.

ಇನ್ನೊಂದು ಕಾರಣವೂ ಇದೆ. ಔರಾದ, ಭಾಲ್ಕಿ ಕಡೆಯಿಂದ ಎಷ್ಟೋ ಕುಟುಂಬಗಳು ಕೆಲಸ ಹುಡುಕಿ ಹೈದರಾಬಾದ್, ಪುಣೆ, ಮುಂಬಯಿಗೆ ಹೋಗುತ್ತವೆ. ಅಜ್ಜಿ ಊರಲ್ಲಿ, ಮೊಮ್ಮಗಳು ಪಟ್ಟಣದಲ್ಲಿ. ಅವರಿಬ್ಬರ ನಡುವೆ ನಡೆಯುತ್ತಿದ್ದ ಪಾಠ ಅಲ್ಲಿಗೆ ನಿಲ್ಲುತ್ತದೆ. ದ್ಯುತಿಸಂಶ್ಲೇಷಣೆಯ ಚಿತ್ರವನ್ನು ಅಂದವಾಗಿ ಬರೆಯುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮೆಂತ್ಯೆ ಸಸಿ ಯಾವುದು, ಕೊತ್ತಂಬರಿ ಸಸಿ ಯಾವುದು ಎಂದು ತಿಳಿಯುವುದಿಲ್ಲ. ‘ಓದಿದ ಮಗ ಮಣ್ಣು ಮುಟ್ಟಬಾರದು’ ಎಂಬ ತಂದೆತಾಯಿಯ ಆಸೆ ಪ್ರೀತಿಯಿಂದ ಬಂದದ್ದೇ. ಆದರೆ ಬಾಗವಾನರ ಮತ್ತು ಉಸ್ತಾದರ ನಾಡಿನಲ್ಲಿ ಆ ಆಸೆ ನಮ್ಮದೇ ಪರಂಪರೆಯಿಂದ ನಮ್ಮನ್ನು ದೂರ ಮಾಡುತ್ತಿದೆ.

ನಾವು ಮಾಡಬಹುದಾದದ್ದು

ದೊಡ್ಡ ಹಣ ಇದಕ್ಕೆ ಬೇಕಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗವಿದ್ದರೆ ಒಂದು ಕುಟುಂಬ ವಾರದಲ್ಲಿ ಕೆಲವು ದಿನ ತನ್ನ ತಪ್ಪಲು ಪಲ್ಲೆಯನ್ನು ತಾನೇ ಬೆಳೆದುಕೊಳ್ಳಬಹುದು. ಬೀದರದ ಹಳೆಯ ಊರಿನ ಓಣಿಗಳಲ್ಲಿ ಜಾಗವಿಲ್ಲದಿದ್ದರೆ ಮಾಳಿಗೆಯ ಮೇಲೆ ಹಳೆಯ ಡಬ್ಬಿ, ಬುಟ್ಟಿಗಳಲ್ಲಿ ಮೆಂತ್ಯೆ, ಪುದೀನ, ಕೊತ್ತಂಬರಿ ಬರುತ್ತವೆ. ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ತಿಪ್ಪೆಗೊಬ್ಬರ ಹೆಚ್ಚು ಹಾಕಿ, ಬುಡಕ್ಕೆ ಒಣ ಎಲೆ ಮುಚ್ಚಬೇಕು. ಭಾಲ್ಕಿ, ಔರಾದದ ಎರೆಮಣ್ಣಿನಲ್ಲಿ ಮಳೆಗಾಲದ ನೀರು ನಿಂತು ಬೇರು ಕೊಳೆಯದಂತೆ ಮಡಿಯನ್ನು ಎತ್ತರಿಸಬೇಕು. ಮಿರಗದ ಮಳೆ ಬಿದ್ದ ಕೂಡಲೇ ಹೀರೇಕಾಯಿ, ಚಪ್ಪರದವರೆಯ ಬೀಜ ಊರಿ ಬೇಲಿಗೆ ಹಬ್ಬಿಸಬಹುದು. ಒಂದು ನುಗ್ಗೆ, ಒಂದು ಕರಿಬೇವು, ಒಂದು ಪಪ್ಪಾಯಿ ಮನೆಗೆ ಇರಲಿ. ಅಕ್ಕಿ, ಬೇಳೆ, ಪಲ್ಲೆ ತೊಳೆದ ನೀರನ್ನು ಚೆಲ್ಲದೆ ಗಿಡಕ್ಕೆ ಹಾಕಿದರೆ ಬೇಸಿಗೆಯ ಅರ್ಧ ಕಷ್ಟ ಕಳೆಯಿತು.

ಬೆಳೆದದ್ದನ್ನು ತಿನ್ನುವುದೂ ಒಂದು ವಿದ್ಯೆ. ಸೊಪ್ಪಿನ ಪಲ್ಲೆಗೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿಯ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ರಕ್ತಹೀನತೆ ಹೆಚ್ಚಿದ್ದವರಿಗೆ ವೈದ್ಯರು ಕೊಡುವ ಮಾತ್ರೆಯನ್ನು ಕೈತೋಟದ ನೆಪದಲ್ಲಿ ಬಿಡಬಾರದು.

ನಮ್ಮ ಶಿಕ್ಷಣ ಸಂಘದ ಸದಸ್ಯರ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಶಾಲೆಗಳಲ್ಲಿ ವಾರಕ್ಕೊಂದು ಅವಧಿ ತೋಟಕ್ಕೆ ಮೀಸಲಿರಲಿ. ಬಿತ್ತಿದ ದಿನ, ಮೊಳೆತ ದಿನ, ಕೊಯ್ದ ತೂಕವನ್ನು ಮಕ್ಕಳು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದಿಡಲಿ. ಅಲ್ಲಿಗೆ ಭಾಷೆ, ಗಣಿತ, ವಿಜ್ಞಾನ ಮೂರೂ ಆಯಿತು. ತಿಂಗಳಿಗೊಂದು ಭಾನುವಾರ ತಾಯಂದಿರನ್ನು ಕರೆದು ‘ಕುಟುಂಬ ಪಾಠಶಾಲೆ’ ನಡೆಸೋಣ. ಕಲಿಸುವವರು ಹೊರಗಿನಿಂದಲೇ ಬರಬೇಕೆಂದಿಲ್ಲ. ಓಣಿಯ ಬಾಗವಾನ ಚಾಚಾ, ಬೀಜ ಉಳಿಸಿದ ಅಜ್ಜಿ, ಹೊಲಿಗೆ ಬಲ್ಲ ಆಪಾ, ಬ್ಯಾಂಕಿನ ಕೆಲಸ ಬಲ್ಲ ಸಂಘದ ಅಕ್ಕ ಇವರೇ ಗುರುಗಳು. ಮನೆಯ ಖರ್ಚಿನ ಲೆಕ್ಕ ಬರೆಯುವುದು, ಪಾಸ್‌ಬುಕ್ ಓದುವುದು, ಮಗುವಿಗೆ ಭೇದಿಯಾದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಕುಡಿಸುವುದು, ಇಂಥ ಪಾಠಗಳು ಅಲ್ಲಿ ನಡೆಯಲಿ. ಗಂಡುಮಕ್ಕಳೂ ಕುಳಿತು ಕಲಿಯಲಿ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಬೀಜ ವಿನಿಮಯದ ದಿನವಿರಲಿ. ಭಾಲ್ಕಿಯ ಬೀಜ ಔರಾದಕ್ಕೆ ಹೋಗಲಿ, ಔರಾದದ್ದು ಬೀದರಕ್ಕೆ ಬರಲಿ.

ವಿದ್ಯಾರ್ಥಿ ಮಿತ್ರರೇ, ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ನಿಂತಾಗ ನಮಗೆ ಹೆಮ್ಮೆಯಾಗುತ್ತದೆ. ಆಗಬೇಕು ಕೂಡ. ಅದೇ ನಗರದ ನೆಲದಡಿ ಹೆಸರಿಲ್ಲದ ಕೆಲಸಗಾರರು ಕೊರೆದ ಸುರಂಗದಲ್ಲಿ ಇಂದಿಗೂ ನೀರಿದೆ ಎಂಬುದನ್ನೂ ನೆನಪಿಡಿ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನು ಅಥವಾ ನಾನಿಯನ್ನು ಕೇಳಿ: ನಿಮ್ಮ ಹಿತ್ತಲಲ್ಲಿ ಏನೇನು ಬೆಳೆಯುತ್ತಿದ್ದಿರಿ, ಬೀಜ ಹೇಗೆ ಇಡುತ್ತಿದ್ದಿರಿ, ಯಾರು ಕಲಿಸಿದರು? ಅವರ ಉತ್ತರವನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ, ಸಿಕ್ಕರೆ ಒಂದು ಹಿಡಿ ಬೀಜವನ್ನೂ ತನ್ನಿ. ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಇನ್ನೂ ಬರೆಯದೆ ಉಳಿದ ಪುಟಗಳು ಅವು. ಅವರು ಇರುವಾಗಲೇ ಬರೆದುಕೊಳ್ಳಬೇಕು.